ಕಿಸೆಯೊಳಗಿನ ಬನ್ನಿ

ಬಟ್ಟೆ ಒಗೆಯಲು ಹಾಕುವ ಮೊದಲು ಕಿಸೆ ತಡವಿ ನೋಡುವ ಚಟ ನನಗೆ ಬಹಳ ಹಳೆಯದು. ನಮ್ಮ ಮನೆಯವರ ಪ್ಯಾಂಟಿನಲ್ಲಿ ಬಸ್ ಟಿಕೆಟು, ಅಡಿಕೆ ಚೂರು, ಯಾರದೋ ಮದುವೆಯ ನಾಲ್ಕು ಅಕ್ಕಿಕಾಳು ಸಿಗುತ್ತವೆ. ಮಗಳ ಯೂನಿಫಾರ್ಮಿನಲ್ಲಿ ಪೆನ್ನಿನ ಟೊಪ್ಪಿಗೆ, ಚಾಕೊಲೇಟಿನ ಕಾಗದ. ನಿನ್ನೆ ಸಂಜೆ ಅವಳ ಸ್ಕರ್ಟಿನ ಬಲಗಡೆಯ ಕಿಸೆಯಲ್ಲಿ ಕೈಗೆ ಸಿಕ್ಕಿದ್ದು ಒಂದು ಬನ್ನಿಯ ಕಡ್ಡಿ. ಒಣಗಿತ್ತು. ಐದಾರು ಸಣ್ಣ ಎಲೆ ಕಡ್ಡಿಗೆ ಇನ್ನೂ ಅಂಟಿಕೊಂಡಿದ್ದವು, ಉಳಿದವು ಕಿಸೆಯ ಮೂಲೆಯಲ್ಲಿ ಪುಡಿಯಾಗಿದ್ದವು. ವಾಷಿಂಗ್ ಮಷೀನಿನ ಮುಂದೆ ಹಾಗೇ ನಿಂತುಬಿಟ್ಟೆ. ಬನ್ನಿ ಕಂಡರೆ ಜನರಿಗೆ ದಸರಾ ನೆನಪಾಗುತ್ತದೆ. ನನಗೆ ಒಂದು ವರ್ಷದಿಂದ ಸಿಟ್ಟು ಬರುತ್ತದೆ.

ನನಗೆ ಸಿಟ್ಟು ಬರುತ್ತದೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ಧಾರವಾಡದ ಒಂದು ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು ನಾನು. ಅಲ್ಲಿಯ ಬೀಜಗಣಿತದಲ್ಲಿ ಒಂದು ಅಕ್ಷರವೂ ತಲೆಯಲ್ಲಿ ಉಳಿದಿಲ್ಲ. ಉಳಿದದ್ದು ಬಲಕ್ಕೆ ವಾಲಿದ ಕೈಬರಹ, ಸ್ಕರ್ಟಿನ ನಿರಿಗೆಗೆ ಇಸ್ತ್ರಿ ಹಾಕುವ ಹುಚ್ಚು ಮತ್ತು ‘ಸಾರಿ’ ಎಂಬ ಶಬ್ದ. ನಮ್ಮ ಸಿಸ್ಟರ್ ಒಬ್ಬರು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಫೂಟುಪಟ್ಟಿ ಹಿಡಿದು ನಿರಿಗೆ ಅಳೆಯುತ್ತಿದ್ದರು. ಒಂದು ನಿರಿಗೆ ಇನ್ನೊಂದಕ್ಕಿಂತ ಅಗಲವಾಗಿದ್ದರೆ ಸಾರಿ ಅನ್ನಬೇಕು. ಆ ಅಭ್ಯಾಸ ಎಲ್ಲಿಗೆ ಬಂದು ಮುಟ್ಟಿದೆ ಎಂದರೆ, ಕಾಯಿಪಲ್ಲೆಯವಳು ಹುಳುಕು ಬದನೆಕಾಯಿ ಕೊಟ್ಟಿದ್ದನ್ನು ಹಿಂದಿರುಗಿಸುವಾಗಲೂ ನಾನೇ ಸಾರಿ ಅನ್ನುತ್ತೇನೆ. ಬಾಗಿಲಿಗೆ ಮೊಣಕೈ ಬಡಿದರೆ ಬಾಗಿಲಿಗೆ ಅನ್ನುತ್ತೇನೆ. “ನೀ ಕಳ್ಳ ಬಂದ್ರೂ, ಮನ್ಯಾಗ ಏನೂ ಇಲ್ರಿ, ಸಾರಿ ಅಂತೀ ನೋಡು,” ಎಂದು ನಮ್ಮ ಮನೆಯವರು ಚಾಷ್ಟಿ ಮಾಡುತ್ತಾರೆ.

ನಗುವಂಥದ್ದೇ. ಆದರೆ ಈ ಶಬ್ದವನ್ನು ನಾನು ಮಗಳ ಬಾಯಿಗೂ ಹಾಕಿದೆನಲ್ಲ, ಅಲ್ಲಿಗೆ ನಗು ನಿಲ್ಲುತ್ತದೆ. ಅಪೂರ್ವಾ ಸಣ್ಣವಳಿದ್ದಾಗ ಯಾರ ಜೊತೆ ಜಗಳಾಡಿ ಬಂದರೂ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ನೀ ಸಾರಿ ಅಂದೇನು?” ತಪ್ಪು ಯಾರದು ಎಂದು ಕೇಳಿದ ನೆನಪು ನನಗಿಲ್ಲ. ಮೆತ್ತಗೆ ಬೆಳೆಸುತ್ತಿದ್ದೇನೆ, ಒಳ್ಳೆಯವಳಾಗಿ ಬೆಳೆಸುತ್ತಿದ್ದೇನೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಹೋದ ವರ್ಷ ಅವಳು ಎಂಟನೆಯ ಕ್ಲಾಸು. ಉಣಕಲ್ ಕೆರೆಯ ಆಚೆಗಿನ ನಮ್ಮ ಕಾಲನಿಯಿಂದ ಹುಬ್ಬಳ್ಳಿಯ ಶಾಲೆಗೆ ಒಂದು ಖಾಸಗಿ ವ್ಯಾನು ಹೋಗುತ್ತದೆ. ಓಡಿಸುವವರು ದಾದಾಪೀರ್, ಮಕ್ಕಳಿಗೂ ನಮಗೂ ದಾದಾಪೀರ್ ಕಾಕಾ. ಜುಲೈಯ ಮಳೆಗಾಲದಲ್ಲಿ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಇಡೀ ದಿನ ಬೆಂಚಿನ ಮೇಲೆ ಕೂತರೆ ಸ್ಕರ್ಟಿನ ಹಿಂದಿನ ನಿರಿಗೆ ಮುದುಡುತ್ತವೆ, ಅದು ಸರಿ. ಇವಳದು ಮುಂದಿನ ನಿರಿಗೆಯೂ ಮುದ್ದೆಯಾಗಿ ಬರುತ್ತಿತ್ತು. ತೊಡೆಯ ಮೇಲೆ ಬರುವ ಜಾಗದಲ್ಲಿ ಚೌಕಾಕಾರದ ಮಣ್ಣಿನ ಗುರುತು, ಒಂದರ ಮೇಲೊಂದು. ಸಣ್ಣ ಸಂಗತಿ ನನ್ನ ಕಣ್ಣು ತಪ್ಪಿಸುವುದಿಲ್ಲ ಎಂಬ ಜಂಬ ಬೇರೆ ನನಗೆ.

“ಇದೇನ ಅಪ್ಪೂ, ಹುಡುಗ್ಯಾಗಿ ಅರಿವಿ ಮ್ಯಾಲೆ ಲಕ್ಷ್ಯ ಬ್ಯಾಡೇನು? ನೆಲದ ಮ್ಯಾಲೆ ಹೊಳ್ಳಾಡಿ ಬಂದೀಯೇನು?”

“ಸಾರಿ ಮಮ್ಮಿ.”

ಅಷ್ಟಕ್ಕೆ ನನಗೆ ಸಮಾಧಾನ. ಗುರುತು ನೋಡಿದೆ, ತಿಕ್ಕಿ ತೊಳೆದೆ, ಇಸ್ತ್ರಿ ಹಾಕಿದೆ. ಅದು ಯಾವುದರ ಗುರುತು ಎಂದು ಕೇಳಲಿಲ್ಲ.

ಹೇಳಿದವರು ದಾದಾಪೀರ್ ಕಾಕಾ. ಒಂದು ಸಂಜೆ ಅಪೂರ್ವಾ ನೀರಿನ ಬಾಟಲಿ ವ್ಯಾನಿನಲ್ಲೇ ಬಿಟ್ಟು ಇಳಿದಿದ್ದಳು. ಅದನ್ನು ಕೊಡಲು ಅವರು ಗಾಡಿ ತಿರುಗಿಸಿಕೊಂಡು ಬಂದರು. ಕೊಟ್ಟವರು ಹೋಗಲಿಲ್ಲ; ಗೇಟಿನ ಚಿಲಕ ತೆಗೆಯುತ್ತ, ಹಾಕುತ್ತ ನಿಂತರು.

“ಅಕ್ಕಾರ, ಒಂದ್ ಮಾತು ಹೇಳ್ತೇನಿ. ನಾ ಹೇಳೀನಿ ಅನಬ್ಯಾಡ್ರಿ.”

“ಹೇಳ್ರಿ ಕಾಕಾ.”

“ನಿಮ್ಮ ಪಾಪೂನ್ನ ಹಲಿಗಿ ಮ್ಯಾಲೆ ಕುಂದರಸ್ತಾರ್ರಿ.”

ಹಲಗೆ ಎಂದರೆ ಡ್ರೈವರನ ಸೀಟಿನ ಬೆನ್ನಿಗೆ ಹಚ್ಚಿ ಕೂಡಿಸಿದ ಮರದ ಪಟ್ಟಿ. ಬಾಲವಾಡಿಯ ಮಕ್ಕಳಿಗೆಂದು ಹಾಕಿದ್ದು. ಅದರ ಮೇಲೆ ಕೂತವರ ಮುಖ ಹಿಂದಕ್ಕೆ. ಉಳಿದವರೆಲ್ಲರೂ ಅವರನ್ನೇ ನೋಡುತ್ತಿರುತ್ತಾರೆ.

“ಕುಂದರಿಸಿ ತೊಡಿ ಮ್ಯಾಲೆ ಐದಾರು ಚೀಲಾ ಹೇರ್ತಾರ. ಸಾಹುಕಾರ್ರ ಮಗಳು ರಿತಿಕಾ ಅದಾಳಲ್ರಿ, ಒಂಬತ್ತನೇ ಕ್ಲಾಸಿನಾಕಿ, ಆಕಿ ‘ನಾ ಹೇಳೂತನಾ ಕೆಳಗ ಇಡಬ್ಯಾಡ’ ಅಂತಾಳ. ಇಕಿ ಸಾರಿ ಸಾರಿ ಅನಕೋತ ಹಿಡಕೊಂಡು ಕುಂತಿರ್ತಾಳ. ಉಣಕಲ್ ಕ್ರಾಸಿನಿಂದ ಸಾಲಿತನಾ.”

“ನೀವರ ಒಂದ್ ಮಾತು ಗದರಬಾರದೇನ್ರಿ?”

“ಗದರಿದ್ನಲ್ರಿ. ‘ಕಾಕಾ, ಮುಂದ ನೋಡಿ ಗಾಡಿ ಹೊಡೀರಿ’ ಅಂದ್ಲು. ನನ್ನ ಗಾಡ್ಯಾಗಿನ ಅರ್ಧಾ ಹುಡುಗ್ರು ಅವರ ಓಣ್ಯಾಗಿನವರು. ಅವರಪ್ಪ ಒಂದ್ ಫೋನ್ ಮಾಡಿದ್ರ ನಾ ಮನ್ಯಾಗ ಕುಂದ್ರಬೇಕು.”

ಚೌಕಾಕಾರದ ಮಣ್ಣಿನ ಗುರುತು ಚೀಲಗಳ ತಳ. ತಿಂಗಳುಗಟ್ಟಲೆ ಅದನ್ನು ಒಗೆದವಳು ನಾನು.

ಶಾಲೆಗೆ ಹೋದೆ. ಕೌನ್ಸೆಲರ್ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು ಬಹಳ ಮೃದುವಾಗಿ ಮಾತಾಡಿದಳು. ವ್ಯಾನು ಶಾಲೆಯದಲ್ಲ, ಖಾಸಗಿ, ಆದ್ದರಿಂದ ಅದು ಶಾಲೆಯ ಹೊರಗಿನ ವಿಷಯ. ಈ ವಯಸ್ಸಿನಲ್ಲಿ ಇದೆಲ್ಲ ಸಹಜ. ಆಮೇಲೆ ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು ಕೇಳಿದಳು: “ಮೇಡಂ, ನೀವು ಮಗಳನ್ನು ಸ್ವಲ್ಪ ಹೆಚ್ಚೇ ಮುಚ್ಚಟೆಯಿಂದ ಬೆಳೆಸಿದ್ದೀರೇನೋ?” ನಾನು ಏನಂದೆ ಹೇಳಲಾ? ಸಾರಿ ಅಂದೆ. ಅದೇ ವಾರ ಶಾಲೆಯಲ್ಲಿ ‘ಗೆಳೆಯರನ್ನು ಪೀಡಿಸಬೇಡಿ’ ಎಂಬ ವಿಷಯದ ಮೇಲೆ ಚಿತ್ರ ಬರೆಯುವ ಸ್ಪರ್ಧೆ ನಡೆಯಿತು. ಇಬ್ಬರು ಹುಡುಗಿಯರು ಕೈಕೈ ಹಿಡಿದು ನಿಂತ ಚಿತ್ರಕ್ಕೆ ಮೊದಲ ಬಹುಮಾನ. ಬರೆದವಳು ರಿತಿಕಾ. ಚಿತ್ರವನ್ನು ಆಫೀಸಿನ ಮುಂದಿನ ಗೋಡೆಗೆ ಅಂಟಿಸಿದ್ದರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಹೀಗೆ ಕಟ್ಟುವಷ್ಟು ಜಾಣತನ ನನಗಿಲ್ಲ.

ಅಷ್ಟರಲ್ಲಿ ದಸರಾ ಬಂತು, ಮತ್ತು ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಈ ಉಪಾಯ ಹೊಳೆಯಬೇಕಾದರೆ ನಮ್ಮ ಕಡೆಯವರೇ ಆಗಿರಬೇಕು. ವಿಜಯದಶಮಿಯ ಸಂಜೆ ನಮ್ಮಲ್ಲಿ ಮನೆಮನೆಗೆ ಹೋಗಿ ಬನ್ನಿ ಕೊಡುತ್ತೇವೆ. “ಬನ್ನಿ ತೊಗೊಂಡು ಬಂಗಾರದ್ಹಂಗ ಇರೋಣ್ರಿ” ಎಂದು ಕೈಯಲ್ಲಿಟ್ಟರೆ ವರ್ಷದ ಮುನಿಸು ಮುಗಿದಂತೆ. ಸಣ್ಣವರು ದೊಡ್ಡವರಿಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಬೇಕು. ನಮ್ಮ ಓಣಿಯಲ್ಲಿ ಕಂಪೌಂಡ್ ಗೋಡೆಯ ಸಲುವಾಗಿ ವರ್ಷವಿಡೀ ಮುಖ ನೋಡದ ಇಬ್ಬರು ಹಿರಿಯರಿದ್ದಾರೆ. ಬನ್ನಿಯ ಸಂಜೆ ಇಬ್ಬರೂ ಕಣ್ಣಲ್ಲಿ ನೀರು ತಂದುಕೊಂಡು ಅಪ್ಪಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಅದೇ ಗೋಡೆಯ ಆಚೆ ಈಚೆ ನಿಂತು ಮತ್ತೆ ಸುರು ಮಾಡುತ್ತಾರೆ. ಇಷ್ಟನ್ನು ಪ್ರತಿವರ್ಷ ಕಣ್ಣಾರೆ ಕಂಡೂ ನಾನು ಬನ್ನಿಯನ್ನು ನಂಬಿದೆ.

“ನಾ ಬರೂದಿಲ್ಲ ಮಮ್ಮಿ,” ಎಂದಳು ಅಪೂರ್ವಾ.

“ಹಂಗನಬಾರದು. ಒಂದ್ ಎಲಿ ಕೊಟ್ಟು ಬಂದ್ರ ಎಲ್ಲಾ ಮುಗೀತು.”

“ಆಕಿ ಬರಲಿ.”

“ನೀ ಸಣ್ಣಾಕಿ, ನೀ ಹೋಗಬೇಕು. ಶಾಣ್ಯಾಕಿ ಅಲ್ಲೇನು ನೀ?”

ಶಾಣ್ಯಾಳಾದ್ದರಿಂದ ಬಂದಳು. ದಾರಿಯುದ್ದಕ್ಕೂ ಬನ್ನಿಯ ಕಡ್ಡಿಯನ್ನು ಎರಡು ಬೆರಳಲ್ಲಿ, ದೂರಕ್ಕೆ ಹಿಡಿದಿದ್ದಳು.

ಸಾಹುಕಾರರದು ಹತ್ತಿಯ ವ್ಯಾಪಾರ. ದೊಡ್ಡ ಮನೆ, ದೊಡ್ಡ ದನಿ. ಅವರ ಮನೆಯಾಕೆ ಸುಜಾತಾ ವೈನಿ ನಗುಮುಖದ ಹೆಂಗಸು. ರಿತಿಕಾ ಚಕ್ಕುಲಿ, ಬೇಸನ್ ಉಂಡಿ, ನೀರಿನ ಲೋಟ ಇಟ್ಟ ಸ್ಟೀಲಿನ ತಟ್ಟೆ ಹಿಡಿದು ಬಂದಳು. ನಾವಲ್ಲದೆ ಅವರ ನೆಂಟರು ನಾಲ್ಕೈದು ಮಂದಿ ಕೂತಿದ್ದರು.

“ಇಕಿ ನೋಡ್ರಿ,” ಎಂದರು ಸಾಹುಕಾರರು ಎಲ್ಲರಿಗೂ ಕೇಳುವಂತೆ. “ಕ್ಲಾಸಿಗೆ ಎರಡನೇದಾಕಿ. ಮೊದಲನೇದಾಂವ ಯಾರೋ ಟೇಲರನ ಮಗಾ. ಇಷ್ಟ್ ಟ್ಯೂಷನ್ನು, ಇಷ್ಟ್ ಫೀಸು, ಎರಡನೇ ನಂಬರು.” ರಿತಿಕಾ ತಟ್ಟೆಯನ್ನು ಟೀಪಾಯಿಯ ಮೇಲೆ ಇಡಲು ಬಗ್ಗಿದಳು. “ಏ, ನಾ ಹೇಳೂತನಾ ಕೆಳಗ ಇಡಬ್ಯಾಡ. ಹಿಡಕೊಂಡು ನಿಂದರು. ಇಷ್ಟರ ಬರತೈತೇನು ನೋಡೋಣು.”

ನೆಂಟರು ನಕ್ಕರು. ಸುಜಾತಾ ವೈನಿಯೂ ನಕ್ಕರು. ತಟ್ಟೆಯ ಮೇಲೆ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸಪ್ಪಳ ಮಾಡುತ್ತಿದ್ದವು. ಆ ಹುಡುಗಿಯ ಕಾಲ್ಬೆರಳು ಜಮಖಾನೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದನ್ನು ನಾನು ನೋಡಿದೆ. ದಾದಾಪೀರ್ ಕಾಕಾ ಹೇಳಿದ ಮಾತು, ಅದೇ ಶಬ್ದ, ಅದೇ ರಾಗದಲ್ಲಿ ಈ ಕೋಣೆಯಲ್ಲಿ ಕೇಳಿದ್ದೂ ನನಗೆ ತಿಳಿಯಿತು. ವ್ಯಾನಿನ ಹಲಗೆ ಎಲ್ಲಿಂದ ಬಂತು ಎಂಬುದು ಕಣ್ಣ ಮುಂದೆಯೇ ನಿಂತಿತ್ತು. ನಾನೇನು ಮಾಡಿದೆ? ಕೈ ಚಾಚಿ ಒಂದು ಚಕ್ಕುಲಿ ತೆಗೆದುಕೊಂಡೆ.

ಅಪೂರ್ವಾ ಬನ್ನಿ ಮುಂದೆ ಹಿಡಿದಳು. ರಿತಿಕಾ ಒಂದು ಕೈಯಲ್ಲಿ ತಟ್ಟೆ ಸಂಭಾಳಿಸಿ ಇನ್ನೊಂದರಲ್ಲಿ ತೆಗೆದುಕೊಂಡಳು.

“ದೊಡ್ಡಾಕಿ ಅದಾಳ, ಕಾಲಿಗೆ ಬೀಳವಾ,” ಎಂದರು ಸಾಹುಕಾರರು.

ಮಗಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಒಂದೇ ಪ್ರಶ್ನೆ ಇತ್ತು, ಅದಕ್ಕೆ ನನ್ನ ಉತ್ತರ ಇದು: “ಬೀಳು ಬಂಗಾರಾ, ಏನಾಗ್ತದ?” ಬಿದ್ದಳು. ಸುಜಾತಾ ವೈನಿ ಫೋಟೊ ತೆಗೆದರು. ನಾವು ಮನೆ ಮುಟ್ಟುವಷ್ಟರಲ್ಲಿ ಅದು ಅವರ ಸ್ಟೇಟಸ್ಸಿನಲ್ಲಿತ್ತು: ‘ಬನ್ನಿ ಬಂಗಾರ, ಮಕ್ಕಳ ಸಂಸ್ಕಾರ’. ನಾನು ಕೆಳಗೆ ಕೈಮುಗಿಯುವ ಚಿತ್ರ ಹಾಕಿದೆ.

ಸೂಟಿ ಮುಗಿದು ಶಾಲೆ ಸುರುವಾಯಿತು. ಸ್ಕರ್ಟಿನ ಮುಂದೆ ಮಣ್ಣಿನ ಗುರುತು ಕಡಿಮೆಯಾದವು. ನೋಡಿದಿರಾ, ಎಂದು ಮನೆಯವರಿಗೆ ಹೆಮ್ಮೆಯಿಂದ ಹೇಳಿದೆ. ಅದರ ಬದಲಿಗೆ ಕಿಸೆಯಲ್ಲಿ ಎಲೆ ಸಿಗತೊಡಗಿದವು. ಒಂದು ದಿನ ಬೇವು, ಒಂದು ದಿನ ಹೊಂಗೆ, ಒಂದು ದಿನ ಕಾಗದದ ಹೂವಿನ ಗಿಡದ್ದು, ಪೇರಲದ್ದು, ಒಮ್ಮೆ ಬರೀ ಹುಲ್ಲು.

“ಏನ ಇವು, ಸೈನ್ಸ್ ಪ್ರಾಜೆಕ್ಟೇನು?”

“ಹೂಂ ಮಮ್ಮಿ. ಪ್ರಾಜೆಕ್ಟ್.”

ನನಗೆ ಎಲ್ಲಿಲ್ಲದ ಹುರುಪು. ನಮ್ಮ ಕಾನ್ವೆಂಟಿನಲ್ಲಿ ನಾನು ಎಲೆಗಳ ಆಲ್ಬಮ್ ಮಾಡಿ ಹೊಗಳಿಸಿಕೊಂಡವಳು. ದಿನವೂ ಕಿಸೆಯಿಂದ ಎಲೆ ತೆಗೆದು, ಹಳೆಯ ಪೇಪರಿನ ನಡುವೆ ಇಟ್ಟು, ಮೇಲೆ ರೊಟ್ಟಿಯ ಕಲ್ಲು ಹೇರಿ ಒತ್ತಿದೆ. ಚೆನ್ನಾಗಿ ಒಣಗಿದ ಮೇಲೆ ಹಳೆಯ ಡ್ರಾಯಿಂಗ್ ಪುಸ್ತಕದಲ್ಲಿ ಅಂಟಿಸಿ, ಒಂದೊಂದರ ಕೆಳಗೂ ಬಲಕ್ಕೆ ವಾಲಿದ ಅಕ್ಷರದಲ್ಲಿ ಹೆಸರು ಬರೆದೆ. ಹನ್ನೊಂದು ಎಲೆ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳ ಕೈಗೆ ಕೊಟ್ಟೆ. ಮೆಚ್ಚಿಕೊಳ್ಳುತ್ತಾಳೆಂದು ಎದುರಿಗೇ ಕೂತೆ.

ಅವಳು ಒಂದೊಂದೇ ಪುಟ ತಿರುವಿದಳು. ಕೊನೆಯ ಪುಟ ಮುಚ್ಚಿ, ಪುಸ್ತಕವನ್ನು ನನ್ನ ಕಡೆ ಸರಿಸಿದಳು.

“ಮಮ್ಮಿ, ಇವು ಪ್ರಾಜೆಕ್ಟ್ ಅಲ್ಲ. ಇವು ಬನ್ನಿ.”

“ಬನ್ನಿ ಹ್ಯಾಂಗಾಗ್ತದ? ಇದು ಹೊಂಗಿ.”

“ದಿನಾ ಒಬ್ಬರು ದಾರ್‍ಯಾಗಿಂದು ಒಂದ್ ಎಲಿ ಕಿತ್ಕೊಂಡು ಬರ್ತಾರ. ‘ಬನ್ನಿ ಕೊಡು, ಕಾಲಿಗೆ ಬೀಳು’ ಅಂತಾರ. ಫೋಟೊ ಎಲ್ಲಾರ ಫೋನಿನ್ಯಾಗೂ ಐತಿ. ನಾ ರಿತಿಕಾನ ಕೈಯಾಗ ಎಲಿ ಇಟ್ಟು ಬೀಳಬೇಕು. ಆಕಿ ಆ ಎಲಿ ತಿರುಗಿ ನನ್ನ ಕಿಸೇದಾಗ ತುರುಕತಾಳ, ಮಮ್ಮಿಗೆ ತೋರಿಸು ಅಂತ.” ಪುಸ್ತಕದ ಮೇಲೆ ಬೆರಳಿಟ್ಟು ಅಂದಳು: “ನೀ ದಿನಾ ನೋಡತಿದ್ದಿ.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಕಣ್ಣೊರೆಸುವುದು ನನಗೆ ಬರುತ್ತದೆ. ಮಗಳನ್ನು ಮೊದಲ ದಿನ ಬೀಳಿಸಿದವಳು ನಾನು. ಆಮೇಲಿನ ಹನ್ನೊಂದು ದಿನಕ್ಕೆ ಅಂದವಾದ ಅಕ್ಷರದಲ್ಲಿ ಹೆಸರು ಬರೆದಿಟ್ಟವಳೂ ನಾನು. ಬಾಯಿಗೆ ‘ಸಾರಿ’ ಬಂತು. ಅದನ್ನು ನುಂಗಿದೆ. ಬಾಗಿಲಿಗೂ ಬದನೆಕಾಯಿಗೂ ಹೇಳುವ ಮಾತನ್ನು ಅವಳಿಗೆ ಹೇಳಲು ಮನಸ್ಸಾಗಲಿಲ್ಲ.

“ತಪ್ಪು ನಂದು ಅಪ್ಪೂ,” ಎಂದೆ.

“ಹೂಂ,” ಎಂದಳು. “ನಿಂದ.”

ಆಗ ಅವಳಿಗೆ ಒಂದು ಕಥೆ ಹೇಳಿದೆ. ನಿಮಗೂ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟಿಗೆ ಅರ್ಥವಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಮರದ ಒಂದು ಬಿಲ್ಲೆ ಇತ್ತು, ದಾರ ಪೋಣಿಸಿದ್ದು. ಕನ್ನಡ ಮಾತಾಡಿದವರ ಕೊರಳಿಗೆ ಅದು. ಬಿಡಿಸಿಕೊಳ್ಳಬೇಕಾದರೆ ಇನ್ನೊಬ್ಬರು ಕನ್ನಡ ಮಾತಾಡುವುದನ್ನು ಹಿಡಿದು ಅವರ ಕೊರಳಿಗೆ ದಾಟಿಸಬೇಕು. ಸಂಜೆ ಬಿಲ್ಲೆ ಯಾರ ಹತ್ತಿರ ಉಳಿಯುತ್ತದೋ ಅವರು ಉಳಿದು ಕ್ಲಾಸು ಗುಡಿಸಬೇಕು. ಮಕ್ಕಳು ಮಕ್ಕಳನ್ನು ಬೇಟೆಯಾಡಲಿ ಎಂದು ದೊಡ್ಡವರು ಕೂತು ಯೋಚಿಸಿ ಮಾಡಿದ ಏರ್ಪಾಡು ಅದು, ಶಿಸ್ತು ಎಂಬ ಹೆಸರಿನಲ್ಲಿ. ಎಂಟನೆಯ ಕ್ಲಾಸಿನಲ್ಲಿ ಬಿಲ್ಲೆ ನನಗೆ ಬಂತು. ಸತ್ತೂರಿನಿಂದ ಬರುವ ಗಂಗಾ ಎಂಬ ಹುಡುಗಿ ನಮ್ಮ ಕ್ಲಾಸಿನಲ್ಲಿದ್ದಳು. ಈಗ ದೊಡ್ಡ ಆಸ್ಪತ್ರೆಯ ಊರಾದ ಸತ್ತೂರು ಆಗ ಹೊಲಗಳ ನಡುವಿನ ಹಳ್ಳಿ. ಅವರಪ್ಪ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನ ಮೇಲೆ ಅವಳನ್ನು ತಂದು ಬಿಡುತ್ತಿದ್ದರು. ಇಂಗ್ಲಿಷಿಗೆ ಹೆದರಿ ಅವಳು ಇಡೀ ದಿನ ಬಾಯಿಯೇ ತೆರೆಯುತ್ತಿರಲಿಲ್ಲ. ನಾನು ಹೋಗಿ ಬೂಟುಗಾಲಿನಿಂದ ಅವಳ ಕಾಲ್ಬೆರಳು ತುಳಿದೆ. “ಅಯ್ಯ ಯವ್ವಾ,” ಎಂದಳು. ಬಿಲ್ಲೆ ಅವಳ ಕೊರಳಿಗೆ. ಸುಲಭವಾಯಿತೆಂದು ಐದು ದಿನ ಹೀಗೇ ಮಾಡಿದೆ. ಐದು ದಿನ ಅವಳು ಗುಡಿಸಿದಳು. ಮೆತ್ತಗಿನ ಹುಡುಗಿ ಎಂದು ಹೆಸರಾದವಳು ನಾನು.

ಹಾಲು ಹಾಕಲು ನಮ್ಮ ಓಣಿಗೂ ಬರುತ್ತಿದ್ದ ಅವರಪ್ಪ ನಮ್ಮವ್ವನಿಗೆ ಹೇಳಿದರು: “ಅವ್ವಾರ, ಸಣ್ಣ ಅಕ್ಕಾರು ನಮ್ಮ ಹುಡಿಗಿ ಕಾಲು ತುಳೀಲಾರದಂಗ ನೋಡ್ರಿ. ಉಗರು ಎದ್ದೈತಿ.” ಅವ್ವ ನನ್ನನ್ನು ಹೊಡೆಯಲಿಲ್ಲ. ದನಿ ಏರಿಸಲಿಲ್ಲ. ಮಕ್ಕಳ ಆಟ ಎಂದೂ ಅನ್ನಲಿಲ್ಲ. ರವಿವಾರ ನನ್ನ ಕೈಹಿಡಿದು ಸತ್ತೂರಿಗೆ ಕರೆದುಕೊಂಡು ಹೋದಳು. ಅವರ ಮನೆಯ ನೆಲದ ಮೇಲೆ ಕೂತಳು. “ಏನ್ ಮಾಡೀದಿ ಅನ್ನೂದು ನಿನ್ನ ಬಾಯಿಲೆ ಹೇಳು. ಪೂರಾ ಹೇಳು,” ಎಂದಳು. ಹೇಳಿದೆ. ಗಂಗಾಳ ಹೆಬ್ಬೆರಳಿಗೆ ಅರಿಷಿಣ ಹಚ್ಚಿ ಹಳೆಯ ಸೀರೆಯ ಚೂರು ಕಟ್ಟಿದ್ದರು. ಆ ಚೂರಿನ ಅಂಚು ಹಸಿರು ಇತ್ತು. ಅವಳು ಪರವಾಗಿಲ್ಲ ಅನ್ನಲಿಲ್ಲ. “ಇಲ್ಲೆ ಹೇಳಿದ್ರ ಏನಾತು? ನಾಳೆ ಸಾಲ್ಯಾಗ ಎಲ್ಲಾರ ಮುಂದ ಹೇಳು,” ಎಂದಳು. ನಾನು ಹೂಂ ಅಂದೆ. ಮರುದಿನ ಹೇಳಲಿಲ್ಲ. ಅದರ ಮರುದಿನವೂ ಇಲ್ಲ. “ಹೇಳಿದೇನ?” ಎಂದು ಅವ್ವ ಕೇಳಿದಾಗ ಹೇಳಿದೆ ಎಂದು ಸುಳ್ಳಾಡಿದೆ. ಮುಂದಿನ ವರ್ಷ ಗಂಗಾ ಶಾಲೆಗೆ ಬರಲಿಲ್ಲ. ಇವತ್ತಿಗೂ ಧಾರವಾಡದ ಬಸ್ಸು ಸತ್ತೂರು ದಾಟುವಾಗ ನಾನು ಎದುರು ಬದಿಯ ಕಿಟಕಿಯಿಂದ ಹೊರಗೆ ನೋಡುತ್ತೇನೆ.

ನಾಲ್ಕನೆಯ ಇಯತ್ತೆ ಓದಿದ ನಮ್ಮವ್ವ ತಪ್ಪು ಮಾಡಿದವಳನ್ನು ಕರೆದುಕೊಂಡು ಹೋಗಿದ್ದಳು. ಕಾನ್ವೆಂಟಿನಲ್ಲಿ ಕಲಿತ ನಾನು ತಪ್ಪು ಮಾಡದವಳನ್ನು ಕರೆದುಕೊಂಡು ಹೋದೆ.

ಆ ಭಾನುವಾರವೇ ಡ್ರಾಯಿಂಗ್ ಪುಸ್ತಕ ಹಿಡಿದು ಸಾಹುಕಾರರ ಮನೆಗೆ ಒಬ್ಬಳೇ ಹೋದೆ. ಪುಸ್ತಕ ಬಿಚ್ಚಿ ಇಟ್ಟು ಪೂರಾ ಹೇಳಿದೆ. ಸುಜಾತಾ ವೈನಿ ಎಲೆಗಳನ್ನು ನೋಡಿ, “ಎಷ್ಟ್ ಛಂದ ಅಂಟಿಸೀರಿ,” ಎಂದರು. ಆಮೇಲೆ ವಿಷಯ ತಿಳಿದು, “ನಿಮ್ಮಾಕಿ ಭಾಳ ಸೆನ್ಸಿಟಿವ್ ಅದಾಳ್ರಿ ವೈನಿ. ನಮ್ಮ ರಿತಿಕಾ ಲೀಡರ್ ಟೈಪ್. ನೀವು ಆಕೀನ್ನ ಸ್ವಲ್ಪ ಗಟ್ಟಿ ಮಾಡ್ರಿ,” ಎಂದರು. ಸಾಹುಕಾರರು, “ಹುಡುಗ್ರ ಚಾಷ್ಟಿ ಅದು. ನಾವೇನು ಕಡಿಮಿ ಮಾಡೇವೇನು ಸಣ್ಣವರಿದ್ದಾಗ,” ಎಂದು ನಕ್ಕರು. ನಾನು ನಗಲಿಲ್ಲ. ನಗದೆ ಕೂತದ್ದು ಅವರಿಗೆ ಅವಮಾನವಾಯಿತೋ ಏನೋ, “ರಿತಿಕಾ” ಎಂದು ಗುಡುಗಿದರು. ಅವಳು ಬಂದಳು. “ಬೀಳು ಇವರ ಕಾಲಿಗೆ. ಮನಿತನದ ಮರ್ಯಾದಿ ತಗೀತೀ?” ಎನ್ನುತ್ತಲೇ ಕೈ ಎತ್ತಿದರು. ಹುಡುಗಿ ಅಭ್ಯಾಸವಾದವಳ ಹಾಗೆ ಕಣ್ಣು ಮುಚ್ಚಿ ಕುತ್ತಿಗೆ ಒಳಗೆ ಎಳೆದುಕೊಂಡಳು.

ಎದ್ದು ನಡುವೆ ನಿಂತೆ. ನನ್ನ ದನಿ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂದು ನನಗೇ ಅಂದು ಗೊತ್ತಾದದ್ದು.

“ಹೊಡೀಬ್ಯಾಡ್ರಿ. ಆಕಿ ಬೀಳೂದೂ ಬ್ಯಾಡ. ಆಕಿ ಕಲತದ್ದರ ಎಲ್ಲೆ? ತಟ್ಟಿ ಹಿಡಕೊಂಡು ನಿಂದರು, ನಾ ಹೇಳೂತನಾ ಇಡಬ್ಯಾಡ ಅಂದಾವ್ರು ಯಾರು? ನಾನೂ ಇಲ್ಲೇ ಕುಂತು ಚಕ್ಕುಲಿ ತಿಂದೇನಿ, ನನಗೂ ಪಾಲು ಐತಿ. ನೀವು ಮೂರೂ ಮಂದಿ ನಮ್ಮನಿಗೆ ಬರ್ರಿ. ನನ್ನ ಮಗಳ ಮುಂದ ಕೂಡ್ರಿ. ಆಕಿ ಏನ್ ಹೇಳ್ತಾಳ, ಕೇಳ್ರಿ.”

“ನಾವು ನಿಮ್ಮನಿಗೆ ಬರಬೇಕೇನು?” ಎಂದರು ಸಾಹುಕಾರರು, ನಿಜವಾಗಿ ಬೆರಗಾಗಿ.

ಬರಲಿಲ್ಲ. ಅಂದು ಹೊರಡುವಾಗ ನಾನು ಹೊಸ್ತಿಲಿಗೆ ಎಡವಿದೆ. ಹೊಸ್ತಿಲಿಗೂ ಸಾರಿ ಅನ್ನಲಿಲ್ಲ.

ವ್ಯಾನು ಬದಲಿಸೋಣ ಎಂದರು ನಮ್ಮ ಮನೆಯವರು. ಒಂದು ತಿಂಗಳು ನಾನೇ ಸ್ಕೂಟಿಯ ಮೇಲೆ ಬಿಟ್ಟು ಬಂದೆ. ಒಂದು ಬೆಳಿಗ್ಗೆ ಅಪೂರ್ವಾ, “ನಾ ಯಾಕ ಇಳೀಬೇಕು ವ್ಯಾನಿನಿಂದ? ನಾಳೆಯಿಂದ ಅದರಾಗ ಹೋಗ್ತೇನಿ,” ಎಂದಳು. ಮರುದಿನ ವ್ಯಾನು ಬಂದಾಗ ಹಣಿಕಿ ನೋಡಿದೆ. ಹಲಗೆಯ ಜಾಗದಲ್ಲಿ ನಾಲ್ಕು ತೂತು ಮಾತ್ರ ಇದ್ದವು. “ಬಿಚ್ಚಿ ಒಗದೇನ್ರಿ ಅಕ್ಕಾರ,” ಎಂದರು ದಾದಾಪೀರ್ ಕಾಕಾ. “ಫೋನ್ ಬಂದ್ರ ಬರಲಿ.” ಮಗಳು ಕಿಟಕಿಯ ಪಕ್ಕದ ಸೀಟಿನಲ್ಲಿ ಹೋಗಿ ಕೂತಳು. ಯಾರೂ ಏಳು ಅನ್ನಲಿಲ್ಲ. ಯಾರೂ ಮಾತೂ ಆಡಲಿಲ್ಲ. ವರ್ಷ ತುಂಬುವವರೆಗೆ ಹಾಗೆಯೇ, ಆ ಮೌನದಲ್ಲಿ ಹೋಗಿ ಬಂದಳು. ಸಾಕು, ಬಿಡು ಎಂದು ಹೇಳಬೇಕೆಂದು ನನಗೆ ಎಷ್ಟು ಸಲ ಅನ್ನಿಸಿತೋ. ಹೇಳಲಿಲ್ಲ.

ಈ ವರ್ಷದ ವಿಜಯದಶಮಿ. ಸಂಜೆ ನಾನು ಕಿಟಕಿಯ ಹತ್ತಿರ ಇಸ್ತ್ರಿ ಮಾಡುತ್ತಿದ್ದೆ. ಗೇಟಿನ ಆಚೆ ರಿತಿಕಾ ನಿಂತಿದ್ದಳು, ಒಬ್ಬಳೇ, ಕೈಯಲ್ಲಿ ಬನ್ನಿಯ ಕಡ್ಡಿ. ‘ಒಳಗ ಬಾರವ್ವಾ’ ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಅಪೂರ್ವಾ ಹೊರಗೆ ಹೋದಳು. ಗೇಟು ತೆಗೆಯಲಿಲ್ಲ.

“ತೊಗೋ,” ಎಂದಳು ರಿತಿಕಾ.

“ಏನಿದು?”

“ಬನ್ನಿ. ಸಾರಿ ಹೇಳಾಕ ಬಂದೇನಿ.”

“ನಿಮ್ಮಪ್ಪ ಕಳಿಸ್ಯಾರೇನು?”

“ಇಲ್ಲ. ಅವರಿಗೆ ಗೊತ್ತಿಲ್ಲ. ಗೊತ್ತಾದ್ರ ಬೈತಾರ.”

ಅಪೂರ್ವಾ ಗೇಟಿನ ಸರಳು ಹಿಡಿದುಕೊಂಡಳು. “ಇಲ್ಲೆ ಹೇಳಿದ್ರ ಯಾರಿಗೆ ಕೇಳತೈತಿ? ನಮ್ಮ ಮಮ್ಮಿ ಒಬ್ಬಾಕಿ, ಕಿಡಕ್ಯಾಗ ನಿಂತು ಕೇಳಾಕತ್ತಾಳ.”

ಇಸ್ತ್ರಿ ಪೆಟ್ಟಿಗೆಯ ಕೆಳಗೆ ದಿಂಬಿನ ಚೀಲ ಕಮಟು ವಾಸನೆ ಬಿಟ್ಟಿತು. ಎತ್ತಿ ಹಿಡಿದೆ.

“ಮತ್ತ ಏನ್ ಮಾಡ್ಲಿ?”

“ಸಾಲಿ ಸುರು ಆದ ದಿನಾ ವ್ಯಾನಿನ್ಯಾಗ ಕೊಡು. ಎಲ್ಲಾರ ಮುಂದ. ಕಾಲಿಗೆ ಬೀಳೂದು ಬ್ಯಾಡ. ಏನೇನು ಮಾಡೀದಿ ಅನ್ನೂದು ಪೂರಾ ಹೇಳಿ ಕೊಡು. ಆಗ ತೊಗೋತೇನಿ.”

ರಿತಿಕಾ ಕಡ್ಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ತಿರುಗಿ ಹೋದಳು. ಬರುತ್ತಾಳೆ ಎಂದು ನನಗೆ ಅನ್ನಿಸಲಿಲ್ಲ. ಅದು ಎಷ್ಟು ಕಷ್ಟದ ಕೆಲಸ ಎಂದು ಆ ಇಬ್ಬರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ನಿನ್ನೆ ಶಾಲೆ ಸುರುವಾಯಿತು. ಅಪೂರ್ವಾ ಬಂದವಳೇ ಚೀಲ ಎಸೆದು, ಒಗ್ಗರಣಿ ಅವಲಕ್ಕಿ ಬೇಕೆಂದಳು, ಎರಡು ಸಲ ಹಾಕಿಸಿಕೊಂಡಳು, ಟ್ಯೂಷನ್ನಿಗೆ ಹೋದಳು. ನಾನು ಏನೂ ಕೇಳಲಿಲ್ಲ. ಆಮೇಲೆ ಸ್ಕರ್ಟು ಒಗೆಯಲು ಹಾಕುವಾಗ ಕಿಸೆ ತಡವಿದೆ.

ಗೇಟಿನಲ್ಲಿ ಅವಳು ತೆಗೆದುಕೊಂಡಿರದ ಬನ್ನಿ. ಇಷ್ಟು ದಿನ ಆ ಹುಡುಗಿ, ಅಂಥ ಮನೆಯಲ್ಲಿ, ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ. ಒಣಗುವವರೆಗೂ ಕಾಯ್ದಿಟ್ಟು, ವ್ಯಾನಿನಲ್ಲಿ ಎಲ್ಲರ ಮುಂದೆ ಹೇಳಿ ಕೊಟ್ಟಿದ್ದಾಳೆ. ಸತ್ತೂರಿನಿಂದ ಬಂದ ಮರುದಿನ ನನ್ನಿಂದ ಆಗದ ಕೆಲಸ. ಅವಳ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು. ಅವರಪ್ಪನ ಮೇಲಿನದು ಮುಗಿದಿಲ್ಲ. ಆ ಚಿತ್ರವನ್ನು ಗೋಡೆಗೆ ಅಂಟಿಸಿದವರ ಮೇಲಿನದೂ ಮುಗಿದಿಲ್ಲ, ಮುಗಿಯುವುದು ಬೇಕಾಗಿಯೂ ಇಲ್ಲ. ಒಂಬತ್ತು, ಹತ್ತನೆಯ ಕ್ಲಾಸಿನ ಹುಡುಗಿಯರು ತಮ್ಮ ತಮ್ಮ ಲೆಕ್ಕ ತಾವೇ ನೇರ ಮಾಡಿಕೊಳ್ಳಬೇಕಾಯಿತಲ್ಲ, ಇಷ್ಟು ಮಂದಿ ದೊಡ್ಡವರು ಇದ್ದೂ.

ರೊಟ್ಟಿಯ ಕಲ್ಲು ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು, ಹಳೆಯ ಪೇಪರೂ ಕೈಗೆ ಎಟುಕುವಂತಿತ್ತು. ಈ ಸಲ ಒತ್ತಲಿಲ್ಲ, ಹೆಸರು ಬರೆಯಲಿಲ್ಲ. ಉದುರಿದ ಪುಡಿಯನ್ನೂ ಬಿಡದೆ ಒಂದು ಬಟ್ಟಲಿಗೆ ಹಾಕಿ, ಕಡ್ಡಿಯನ್ನು ಅದರ ಮೇಲಿಟ್ಟು, ಅವಳ ಓದುವ ಮೇಜಿನ ಮೇಲೆ ಇಟ್ಟು ಬಂದೆ.